ಬರ್ಲಿನ್ನಿನಿಂದ ಬಸವನಗುಡಿಗೆ ಬಂದ ವಾಸ್ತುಶಿಲ್ಪಿ



ಕಳೆದ ತಿಂಗಳು ಬಾಗಲಕೋಟೆ ಸೀಮೆಯ ಹಿರಿಯರೊಬ್ಬರಿಂದ ಒಂದು ದೀರ್ಘವಾದ ಪತ್ರ ಬಂದಿತು. ನಿವೃತ್ತ ಶಿಕ್ಷಕರು, ಇಷ್ಟಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸದವರು, ಈ ಅಂಕಣದಲ್ಲಿ ನನ್ನಿಂದಾಗುವ ತಪ್ಪುಗಳನ್ನು ಪ್ರೀತಿಯಿಂದ ತಿದ್ದುತ್ತ ಬಂದವರು. ಅವರ ಒಬ್ಬನೇ ಮಗ ವಾಸ್ತುಶಿಲ್ಪವನ್ನು ಓದಿ ಮೊದಲು ಪುಣೆಯಲ್ಲಿ, ಅನಂತರ ದುಬೈಯಲ್ಲಿ ಕೆಲಸ ಮಾಡಿ, ಈಗ ಆಸ್ಟ್ರೇಲಿಯದಲ್ಲಿದ್ದಾನೆ. ಮುಂದೆ ಕೆನಡಾದ ಮಾತು ನಡೆದಿದೆಯಂತೆ. "ಮನೆ ಕಟ್ಟುವ ವಿದ್ಯೆ ಕಲಿತವನಿಗೆ ತನ್ನದೆಂಬ ಮನೆಯಿಲ್ಲ. ನಾಲ್ಕು ವರ್ಷಕ್ಕೊಂದು ದೇಶ, ದೇಶಕ್ಕೊಂದು ಬಗೆಯ ಕಟ್ಟಡ. ಇಂಥ ಕಾಯಕಕ್ಕೆ ಬೇರಾದರೂ ಎಲ್ಲಿರುತ್ತದೆ ಸ್ವಾಮಿ?" ಎಂದು ಅವರು ಕೇಳಿದ್ದಾರೆ. ಪ್ರಶ್ನೆಯಲ್ಲಿ ದುಃಖವಿದೆ, ಸ್ವಲ್ಪ ಸಿಟ್ಟೂ ಇದೆ. ಇಂದು ನಮ್ಮ ಸಮಾಜದ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಕುಳಿತ ತಂದೆತಾಯಿಗಳ ಪ್ರಶ್ನೆ ಇದು.

ನಾನು ಮಠದಲ್ಲಿ ಓದಿದವನು. ಕಟ್ಟಡದ ವಿದ್ಯೆಯನ್ನು ಬಲ್ಲವನಲ್ಲ. ಆದರೆ ಈ ಪ್ರಶ್ನೆಗೆ ಉತ್ತರವಾಗಿ ಒಬ್ಬ ಮನುಷ್ಯನ ಬಾಳು ನನ್ನ ನೆನಪಿಗೆ ಬಂದಿತು. ಅವರು ನಮ್ಮವರಲ್ಲ, ನಮ್ಮ ದೇಶದಲ್ಲಿ ಹುಟ್ಟಿದವರೂ ಅಲ್ಲ. ಆದರೂ ಒಂಬತ್ತು ವರ್ಷಗಳ ಕಾಲ ಮೈಸೂರು ಸಂಸ್ಥಾನದ ಅನ್ನವನ್ನು ಉಂಡು, ನಮ್ಮ ಬಿಸಿಲು ಮಳೆಗಳಿಂದ ಪಾಠ ಕಲಿತು, ಆ ಪಾಠವನ್ನು ಅರ್ಧ ಜಗತ್ತಿಗೆ ಹೇಳಿಕೊಟ್ಟವರು. ಅವರ ಹೆಸರು ಒಟ್ಟೋ ಕೋನಿಗ್ಸ್‌ಬರ್ಗರ್. ಬೆಂಗಳೂರಿನ ಬಸವನಗುಡಿಯಲ್ಲಿರುವ ಕೃಷ್ಣರಾವ್ ಉದ್ಯಾನವನ್ನು ನೋಡಿದವರು ನಮ್ಮ ಓದುಗರಲ್ಲಿ ಸಾವಿರಾರು ಜನರಿದ್ದಾರೆ. ಅಲ್ಲಿಯ ಮಂಟಪವನ್ನು 1940ರ ದಶಕದ ಮೊದಲಲ್ಲಿ ರೂಪಿಸಿದವರು ಇವರೇ ಎಂಬುದನ್ನು ಬಲ್ಲವರು ಕೆಲವರೇ ಇರಬಹುದು.

1908ರಲ್ಲಿ ಬರ್ಲಿನ್ ನಗರದಲ್ಲಿ ಅವರ ಜನನ. ತಂದೆಯೂ ವಾಸ್ತುಶಿಲ್ಪಿ. ತಾಯಿಯ ಕಡೆಯಿಂದ ಮಹಾಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರು ಇವರಿಗೆ ಸೋದರಮಾವ. ಮನೆತನ ಯೆಹೂದಿ ಮೂಲದ್ದು. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಟ್ಸಿಗ್ ಅವರಂಥ ಗುರುಗಳ ಬಳಿ ಓದಿ 1931ರಲ್ಲಿ ಪದವಿ ಪಡೆದರು. ಸರಕಾರದ ಕಟ್ಟೋಣ ಇಲಾಖೆಯಲ್ಲಿ ಸೇರಿದರು. 1933ರಲ್ಲಿ, ಆ ನಾಡಿನ ಯುವ ವಾಸ್ತುಶಿಲ್ಪಿಗಳು ಹಂಬಲಿಸುತ್ತಿದ್ದ ಷಿಂಕೆಲ್ ಬಹುಮಾನ ಅವರ ಪಾಲಿಗೆ ಬಂದಿತು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಹಿಟ್ಲರನ ಸರಕಾರ ಒಂದು ಕಾನೂನನ್ನು ತಂದು, ಯೆಹೂದಿ ಮೂಲದ ನೌಕರರನ್ನು ಸರಕಾರಿ ಸೇವೆಯಿಂದ ಹೊರದೂಡಿತು. ಒಂದು ಕೈಯಲ್ಲಿ ಬಹುಮಾನ, ಇನ್ನೊಂದು ಕೈಯಲ್ಲಿ ಬಿಡುಗಡೆಯ ಆಜ್ಞೆ! ಇಪ್ಪತ್ತೈದು ತುಂಬದ ತರುಣನಿಗೆ ತಾಯ್ನೆಲವೇ ಪರಕೀಯವಾಯಿತು. ಹುಟ್ಟಿನ ಕಾರಣದಿಂದ ಕಾಯಕವನ್ನು ಕಸಿದುಕೊಳ್ಳುವುದು ಎಂಥ ಪಾಪವೆಂಬುದನ್ನು ಬಸವಾದಿ ಪ್ರಮಥರ ಮಕ್ಕಳಾದ ನಮಗೆ ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಅವರು ಈಜಿಪ್ತಿನ ಕೈರೋ ನಗರಕ್ಕೆ ಬಂದರು. ಪ್ರಾಚೀನ ಈಜಿಪ್ತಿನ ಕಟ್ಟಡಗಳ ಮಹಾಪಂಡಿತರಾದ ಲುಡ್ವಿಗ್ ಬೋರ್ಖಾರ್ಟ್ ಅವರ ಕೈಕೆಳಗೆ ಕೆಲಸ ದೊರೆಯಿತು. ಹೊಸ ಮಾದರಿಯ ಮನೆಗಳನ್ನು ಕಟ್ಟಬೇಕೆಂದು ಕಲಿತವರು ಸಾವಿರಾರು ವರ್ಷ ಹಳೆಯ ಕಲ್ಲುಗಳ ಮುಂದೆ ಅಳತೆಯ ಪಟ್ಟಿ ಹಿಡಿದು ಕುಳಿತುಕೊಳ್ಳಬೇಕಾಯಿತು. ಅವರು ಬರೆದ ಡಾಕ್ಟರೇಟ್ ಪ್ರಬಂಧದ ವಿಷಯವನ್ನು ಕೇಳಿದರೆ ಕೆಲವರಿಗೆ ನಗು ಬರಬಹುದು: ಪ್ರಾಚೀನ ಈಜಿಪ್ತಿನ ಬಾಗಿಲುಗಳನ್ನು ಹೇಗೆ ಮಾಡುತ್ತಿದ್ದರು ಎಂಬುದು! ಪಿರಮಿಡ್ಡುಗಳ ನಾಡಿಗೆ ಹೋಗಿ ಬಾಗಿಲಿನ ಮೇಲೆ ಗ್ರಂಥ. ಆದರೆ ವಿಚಾರಿಸಿ ನೋಡಿ. ಪಿರಮಿಡ್ಡು ಸತ್ತ ರಾಜನಿಗೆ, ಬಾಗಿಲು ಬದುಕಿರುವವನಿಗೆ. ಹಲಗೆಯನ್ನು ಹೇಗೆ ಜೋಡಿಸಿದರು, ತಿರುಗಣೆಯನ್ನು ಎಲ್ಲಿ ಕೂರಿಸಿದರು, ಅಗುಳಿ ಹೇಗಿತ್ತು ಎಂದು ನೋಡಿದವನಿಗೆ ಬಡಗಿಯ ಕೈ ಕಾಣುತ್ತದೆ. ಮುಂದಿನ ಅವರ ಬಾಳಿನಲ್ಲಿ ಈ ಅಭ್ಯಾಸ ಬಿಟ್ಟುಹೋಗಲಿಲ್ಲವೆಂದು ನನಗೆ ತೋರುತ್ತದೆ.

ಇನ್ನು ಅವರು ನಮ್ಮ ನಾಡಿಗೆ ಬಂದ ಬಗೆ. 1935ರ ಕೊನೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಮ್ಯಾಕ್ಸ್ ಬಾರ್ನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಕೆಲವು ತಿಂಗಳು ಇದ್ದರು. ಅವರೂ ದೇಶಭ್ರಷ್ಟರೇ. ಅವರನ್ನು ಇಲ್ಲಿಯೇ ಶಾಶ್ವತವಾಗಿ ಉಳಿಸಿಕೊಳ್ಳಬೇಕೆಂದು ರಾಮನ್ ಅವರು ಬಹಳ ಪ್ರಯತ್ನಪಟ್ಟರು, ಅದು ಕೈಗೂಡಲಿಲ್ಲ. 1936ರಲ್ಲಿ ಬಾರ್ನ್ ಅವರು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದರು; 1954ರಲ್ಲಿ ನೊಬೆಲ್ ಪಾರಿತೋಷಕ ಅವರನ್ನು ಅರಸಿಕೊಂಡು ಬಂದಿತು. ಬೆಂಗಳೂರು ಕಳೆದುಕೊಂಡದ್ದು ಎಂಥ ರತ್ನವನ್ನು ಎಂಬುದು ಇಲ್ಲಿಯ ಜನಕ್ಕೆ ಆಮೇಲೆ ತಿಳಿಯಿತು. ಆದರೆ ಸೋದರಮಾವ ಕಂಡುಕೊಂಡಿದ್ದ ಸ್ನೇಹದ ದಾರಿಯಲ್ಲಿ ಅಳಿಯ ಬಂದರು. ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1939ರಲ್ಲಿ, ಕೋನಿಗ್ಸ್‌ಬರ್ಗರ್ ಅವರು ಮೈಸೂರು ಸಂಸ್ಥಾನದ ಸರಕಾರಿ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು. ಆಗ ಅವರ ವಯಸ್ಸು ಮೂವತ್ತು.

ಮಿರ್ಜಾ ಅವರದು ಅಲಂಕಾರಪ್ರಿಯವಾದ ಮನಸ್ಸು. ಕಮಾನು, ಗುಮ್ಮಟ, ಉದ್ಯಾನ, ಕಾರಂಜಿ, ದೀಪಮಾಲೆ ಇವುಗಳಲ್ಲಿ ಅವರಿಗೆ ಪ್ರೀತಿ. ಕನ್ನಂಬಾಡಿಯ ಬೃಂದಾವನವನ್ನು ಕಂಡವರಿಗೆ ಇದು ಗೊತ್ತು. ಈ ತರುಣನೋ ಅಲಂಕಾರಕ್ಕಿಂತ ಉಪಯೋಗಕ್ಕೆ ಮೊದಲ ಮಣೆ ಹಾಕುವ ಹೊಸ ಪಂಥದಲ್ಲಿ ಪಳಗಿದವನು. ಇಬ್ಬರ ರುಚಿಗಳು ಕೂಡಲಿಲ್ಲ. ದೊರೆಯ ಮನಸ್ಸನ್ನೂ ಮುರಿಯದೆ ತನ್ನ ವಿದ್ಯೆಯನ್ನೂ ಮಾರಿಕೊಳ್ಳದೆ ನಡೆಯುವುದು ಆಶ್ರಯ ಬೇಡಿ ಬಂದವನಿಗೆ ಸುಲಭವಲ್ಲ. ಮಠದ ಆಶ್ರಯದಲ್ಲಿ ಓದಿದ ನನಗೆ ಆ ಇಕ್ಕಟ್ಟು ಸ್ವಲ್ಪಮಟ್ಟಿಗೆ ಅರ್ಥವಾಗುತ್ತದೆ.

ಯುದ್ಧ ಶುರುವಾಗಿ ಸಿಮೆಂಟು ಉಕ್ಕುಗಳು ದುರ್ಲಭವಾದವು. ಆದರೆ ಅವರನ್ನು ನಿಜವಾಗಿ ತಿದ್ದಿದ ಗುರು ಯುದ್ಧವಲ್ಲ, ನಮ್ಮ ಸೂರ್ಯ. ಯುರೋಪಿನಲ್ಲಿ ಮನೆ ಕಟ್ಟುವವನು ಬಿಸಿಲನ್ನು ಒಳಗೆ ಕರೆಯುತ್ತಾನೆ. ಇಲ್ಲಿ ಅದನ್ನು ಹೊಸ್ತಿಲಿನ ಹೊರಗೆ ನಿಲ್ಲಿಸಬೇಕು. ಅಲ್ಲಿ ಗಾಳಿಯನ್ನು ತಡೆಯಬೇಕು. ಇಲ್ಲಿ ಅದಕ್ಕೆ ಎದುರುಬದುರು ಕಿಟಕಿ ಇಟ್ಟು ದಾರಿ ಬಿಡಬೇಕು. ಕಟ್ಟಡದ ಉದ್ದ ಪೂರ್ವ ಪಶ್ಚಿಮವಾಗಿದ್ದರೆ ಕಿಟಕಿಗಳು ಉತ್ತರ ದಕ್ಷಿಣಕ್ಕೆ ಬರುತ್ತವೆ. ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ಒಳಗೆ ನುಗ್ಗುವುದಿಲ್ಲ. ಗೋಡೆಯ ಮೇಲೆ ಚಾಚಿದ ಸಜ್ಜೆ ಮಳೆಯನ್ನೂ ತಡೆಯುತ್ತದೆ, ನೆತ್ತಿಯ ಬಿಸಿಲನ್ನೂ ತಡೆಯುತ್ತದೆ. ಇದನ್ನೆಲ್ಲ ನಮ್ಮ ಹಳ್ಳಿಯ ಗೌಂಡಿ ಬಲ್ಲ. ಆದರೆ ಬಲ್ಲದ್ದನ್ನು ಅಳತೆಗೆ ತಂದು, ಎಷ್ಟು ದಪ್ಪದ ಗೋಡೆ ಎಷ್ಟು ಹೊತ್ತು ಬೇಗೆಯನ್ನು ಹಿಡಿದಿಡುತ್ತದೆ, ಎಂಥ ಛಾವಣಿ ಎಷ್ಟು ಬೇಗ ಕಾಯುತ್ತದೆ ಎಂದು ಶಾಸ್ತ್ರವನ್ನಾಗಿ ಮಾಡಿದ ವಿದ್ವಾಂಸರ ಮೊದಲ ಸಾಲಿನಲ್ಲಿ ಈ ಪರದೇಶಿ ನಿಂತರು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರ ವಿಭಾಗ, ಲೋಹಶಾಸ್ತ್ರ ವಿಭಾಗ, ಊಟದ ಮನೆ ಮತ್ತು ಸಭಾಂಗಣ ಇವುಗಳ ಕಟ್ಟಡಗಳು ಅವರ ಕೈಯಿಂದ ಬಂದವು. ಭದ್ರಾವತಿಯ ಊರಿನ ಯೋಜನೆಯಲ್ಲಿಯೂ ಅವರು ದುಡಿದರು. ಟಾಟಾ ಅವರ ಕೋರಿಕೆಯಂತೆ 1940ರ ದಶಕದ ನಡುವೆ ಜಮಶೇಟ್‌ಪುರದ ವಿಸ್ತರಣೆಗೆ ನಕ್ಷೆ ಹಾಕಿದರು. 1946ರಲ್ಲಿ ಮುಂಬಯಿಯಲ್ಲಿ ಮುಲ್ಕ್ ರಾಜ್ ಆನಂದ್ ಅವರು 'ಮಾರ್ಗ್' ಪತ್ರಿಕೆಯನ್ನು ಆರಂಭಿಸಿದಾಗ ಅದರ ಮೊದಲ ಬಳಗದಲ್ಲಿ ಇವರೂ ಇದ್ದರು.

ಪತ್ರ ಬರೆದ ಹಿರಿಯರು ಇಲ್ಲಿಯವರೆಗೆ ಓದಿ, "ಇವರನ್ನು ದೇಶ ಹೊರಹಾಕಿತು, ನನ್ನ ಮಗ ತಾನಾಗಿ ಹೋದ. ಹೋಲಿಕೆ ಎಲ್ಲಿಯದು?" ಎನ್ನಬಹುದು. ಮಾತು ನಿಜ. ಆದರೂ ಮುಂದಿನದನ್ನು ಕೇಳಿರಿ. ನಾನು ಹೇಳಬೇಕೆಂದಿರುವುದು ಅವರು ಪಡೆದ ಮನ್ನಣೆಯ ಕಥೆಯನ್ನಲ್ಲ, ಅವರು ಸೋತ ಕಥೆಯನ್ನು.

ದೇಶ ಸ್ವತಂತ್ರವಾಯಿತು, ದೇಶ ಒಡೆಯಿತು. ಪಶ್ಚಿಮ ಪಂಜಾಬು, ಸಿಂಧ್, ಪೂರ್ವ ಬಂಗಾಳಗಳಿಂದ ಲಕ್ಷಾಂತರ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಬಂದು ಡೇರೆಗಳಲ್ಲಿ ಬಿದ್ದವು. 1948ರಲ್ಲಿ ಕೇಂದ್ರ ಸರಕಾರ ಕೋನಿಗ್ಸ್‌ಬರ್ಗರ್ ಅವರನ್ನು ದಿಲ್ಲಿಗೆ ಕರೆಸಿ, ಆರೋಗ್ಯ ಮಂತ್ರಾಲಯದಲ್ಲಿ ವಸತಿ ನಿರ್ದೇಶಕರನ್ನಾಗಿ ಮಾಡಿತು. ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಸುವ ಹೊಣೆ, ಹದಿನೈದು ವರ್ಷಗಳ ಹಿಂದೆ ಮನೆ ಕಳೆದುಕೊಂಡವನ ಹೆಗಲಿಗೆ! ಸಿಂಧಿಗಳಿಗಾಗಿ ಕಛ್‌ನಲ್ಲಿ ಎದ್ದ ಗಾಂಧೀಧಾಮ, ಪಂಜಾಬಿನ ರಾಜಪುರ, ದಿಲ್ಲಿಯ ಬಳಿಯ ಫರೀದಾಬಾದ್ ಮೊದಲಾದ ಹೊಸ ಊರುಗಳ ಯೋಜನೆಯಲ್ಲಿ ಅವರ ಕೈಯಿತ್ತು. ಫರೀದಾಬಾದಿನಲ್ಲಿಯಂತೂ ನಿರಾಶ್ರಿತರೇ ಇಟ್ಟಿಗೆ ಹೊತ್ತು, ಕೂಲಿ ಪಡೆದು, ತಮ್ಮ ಊರನ್ನು ತಾವೇ ಕಟ್ಟಿಕೊಂಡರು.

ಅದೇ ಕಾಲದಲ್ಲಿ ಒರಿಸ್ಸಾದ ರಾಜಧಾನಿಯನ್ನು ಕಟಕದಿಂದ ಭುವನೇಶ್ವರಕ್ಕೆ ಒಯ್ಯುವ ಕೆಲಸವೂ ನಡೆದಿತ್ತು. 1948ರ ಏಪ್ರಿಲ್ 13ರಂದು ನೆಹರೂ ಅವರು ಶಿಲಾನ್ಯಾಸ ಮಾಡಿದರು. ನಕ್ಷೆ ಕೋನಿಗ್ಸ್‌ಬರ್ಗರ್ ಅವರದು. ಲಿಂಗರಾಜನ ಹಳೆಯ ಊರನ್ನು ಅದರ ಪಾಡಿಗೆ ಬಿಟ್ಟು, ಪಕ್ಕದಲ್ಲಿ ಹೊಸ ಊರು. ಊರನ್ನು ಕೇರಿಗಳಾಗಿ ವಿಂಗಡಿಸಿ, ಪ್ರತಿ ಕೇರಿಯ ಮಕ್ಕಳಿಗೆ ನಡೆದುಹೋಗುವಷ್ಟು ದೂರದಲ್ಲಿ ಶಾಲೆ, ಗೃಹಿಣಿಯರಿಗೆ ಸಮೀಪದಲ್ಲಿ ಸಂತೆ. ಕಾಲುದಾರಿ, ಸೈಕಲ್ಲಿನ ದಾರಿ, ಮನೆಗಳ ಮುಂದಿನ ಬೀದಿ, ಹೆದ್ದಾರಿ ಎಂದು ರಸ್ತೆಗಳಲ್ಲಿಯೇ ಏಳು ತೆರ. ಒಂದು ಸಣ್ಣ ಊರಿನಷ್ಟು ಜನರಿಗಾಗಿ ಹಾಕಿದ ನಕ್ಷೆ ಅದು. 2011ರ ಜನಗಣತಿಯ ಹೊತ್ತಿಗೆ ಆ ನಗರದ ಜನಸಂಖ್ಯೆ ಎಂಟು ಲಕ್ಷವನ್ನು ದಾಟಿತ್ತು! ನಕ್ಷೆ ಬರೆಯುವವರ ಲೆಕ್ಕವನ್ನು ಕಾಲ ಹೇಗೆ ಅಳಿಸಿ ಬರೆಯುತ್ತದೆ ನೋಡಿ.

ಸೋಲು ಬಂದದ್ದು ದಿಲ್ಲಿಯಲ್ಲಿ. ಇಷ್ಟು ಜನಕ್ಕೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಯಾವಾಗ ಮುಗಿದೀತು? ಕಾರ್ಖಾನೆಯಲ್ಲಿ ಗೋಡೆಗಳನ್ನೇ ಅಚ್ಚು ಹಾಕಿ, ಲಾರಿಯಲ್ಲಿ ತಂದು, ಒಂದೆರಡು ದಿನಗಳಲ್ಲಿ ಮನೆಯನ್ನು ಜೋಡಿಸಿಬಿಟ್ಟರೆ? ಯುದ್ಧದಿಂದ ಹಾಳಾದ ಯುರೋಪಿನಲ್ಲಿ ಹಾಗೆ ಮಾಡುತ್ತಿದ್ದರು. ದಿಲ್ಲಿಯಲ್ಲಿ ಸರಕಾರವೇ ಒಂದು ಮನೆ ಕಾರ್ಖಾನೆಯನ್ನು ಸ್ಥಾಪಿಸಿತು. ಗಾಳಿಗುಳ್ಳೆಗಳನ್ನು ತುಂಬಿ ಹಗುರ ಮಾಡಿದ ಕಾಂಕ್ರೀಟಿನ ಹಲಗೆಗಳನ್ನು ಅಲ್ಲಿ ತಯಾರಿಸತೊಡಗಿದರು. ಹಲಗೆಗಳು ಬಿರುಕು ಬಿಟ್ಟವು, ಸಾಗಿಸುವಾಗ ಒಡೆದವು. ವೆಚ್ಚ ಏರಿತು, ಮನೆಗಳು ಏಳಲಿಲ್ಲ. ಪಾರ್ಲಿಮೆಂಟಿನಲ್ಲಿ ಟೀಕೆಗಳ ಮಳೆಯಾಯಿತು. ಆ ಕಾರ್ಖಾನೆಯೇ ಮುಂದೆ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಹೆಸರಿನಲ್ಲಿ ಬೇರೆ ಬಗೆಯ ಕೆಲಸವನ್ನು ಮಾಡಿಕೊಂಡು ಬಾಳಿತು. ಆದರೆ ಕೋನಿಗ್ಸ್‌ಬರ್ಗರ್ ಅವರ ಪಾಲಿಗೆ ಭಾರತದ ಋಣ ಮುಗಿದಿತ್ತು. 1951ರಲ್ಲಿ ಅವರು ಲಂಡನ್ನಿಗೆ ಹೊರಟರು. ಮತ್ತೆ ಹೊಸ ನೆಲ, ವಯಸ್ಸು ನಲವತ್ತೆರಡು.

ಇಲ್ಲಿ ಒಂದು ಮಾತು. ಕೆಟ್ಟದ್ದು ಹಲಗೆ ಮಾತ್ರವಲ್ಲ, ಅದರ ಹಿಂದಿನ ಎಣಿಕೆ. ಕೈಗಳು ಕಡಮೆಯಿದ್ದು ಯಂತ್ರಗಳು ಹೆಚ್ಚಿದ್ದ ನಾಡಿಗೆ ಹೊಂದಿದ ಉಪಾಯವನ್ನು, ಕೈಗಳೇ ಬಂಡವಾಳವಾಗಿದ್ದ ನಾಡಿಗೆ ತಂದರು. ಡೇರೆಯ ಮುಂದೆ ಕೆಲಸವಿಲ್ಲದೆ ಕುಳಿತ ಮನುಷ್ಯನಿಗೆ ಸಿದ್ಧವಾದ ಗೋಡೆಯನ್ನು ತಂದುಕೊಡುವುದೆಂದರೆ, ಅವನಿಗೆ ಮನೆ ಕೊಟ್ಟು ಅವನ ಕಾಯಕವನ್ನು ಕಿತ್ತುಕೊಂಡಂತೆ. ಇಷ್ಟನ್ನು ನಾನು ಹೇಳುವುದು ಸುಲಭ, ಎಪ್ಪತ್ತು ವರ್ಷಗಳ ಮೇಲೆ ಮಠದ ಜಗುಲಿಯ ಮೇಲೆ ಕುಳಿತು. ಆ ಹೊತ್ತಿನಲ್ಲಿ, ಚಳಿಗಾಲ ಬರುವುದರೊಳಗಾಗಿ ಡೇರೆಗಳನ್ನು ಖಾಲಿ ಮಾಡಿಸಬೇಕೆಂಬ ತರಾತುರಿಯಲ್ಲಿ, ಯಾರಾದರೂ ಎಡವಿಯಾರು.

ಎಡವಿದವರು ಆ ಕಲ್ಲನ್ನು ನೆನಪಿಟ್ಟುಕೊಂಡರು ಎಂಬುದು ಮುಖ್ಯ. 1950ರ ದಶಕದ ನಡುವೆ ಆಫ್ರಿಕದ ಗೋಲ್ಡ್ ಕೋಸ್ಟ್, ಅಂದರೆ 1957ರಲ್ಲಿ ಸ್ವತಂತ್ರವಾಗಿ ಘಾನಾ ಎಂಬ ಹೆಸರನ್ನು ತಳೆದ ದೇಶ, ತನ್ನ ಜನರ ವಸತಿಯ ಬಗ್ಗೆ ವಿಶ್ವಸಂಸ್ಥೆಯ ಸಲಹೆಯನ್ನು ಕೇಳಿತು. ವಿಶ್ವಸಂಸ್ಥೆ ಮೂವರನ್ನು ಕಳಿಸಿತು: ಅಮೆರಿಕದ ಚಾರ್ಲ್ಸ್ ಏಬ್ರಮ್ಸ್, ಫ್ರಾನ್ಸಿನಲ್ಲಿ ನೆಲಸಿದ್ದ ವ್ಲಾದಿಮಿರ್ ಬೋದಿಯಾನ್ಸ್ಕಿ, ಮೂರನೆಯವರು ಕೋನಿಗ್ಸ್‌ಬರ್ಗರ್. ಅಲ್ಲಿ ಹೋಗಿ ನೋಡಿದರೆ, ಅದೇ ಹಳೆಯ ದೆವ್ವ! ಒಂದು ಡಚ್ ಕಂಪನಿಯೊಡನೆ ಕಾರ್ಖಾನೆಯ ಕಾಂಕ್ರೀಟು ಮನೆಗಳ ಒಪ್ಪಂದ. ಬೇಡವೆಂದು ಸಲಹೆ ಕೊಟ್ಟವರಲ್ಲಿ, ಅದೇ ಉಪಾಯವನ್ನು ದಿಲ್ಲಿಯಲ್ಲಿ ಮಾಡಿ ಸೋತವರು ಒಬ್ಬರಿದ್ದರು.

ಹಾಗಾದರೆ ಏನು ಮಾಡಬೇಕು? ಅವರು ಹಳ್ಳಿಗಳಿಗೆ ಹೋದರು. ಜನ ತಮ್ಮ ನೆಲದಲ್ಲಿ, ತಮ್ಮ ಮಣ್ಣಿನಲ್ಲಿ, ನೆಂಟರಿಷ್ಟರ ಕೈಸಹಾಯದಿಂದ ಗೋಡೆಗಳನ್ನು ಎಬ್ಬಿಸುತ್ತಿದ್ದರು. ಗೋಡೆಗೆ ಹಣ ಬೇಕಿಲ್ಲ. ಆದರೆ ತೊಲೆ, ತಗಡು, ಬಾಗಿಲು, ಕಿಟಕಿ ಇವು ಅಂಗಡಿಯಿಂದ ಬರಬೇಕು. ಅಲ್ಲಿಗೆ ಕೆಲಸ ನಿಲ್ಲುತ್ತದೆ. ಮಳೆಗಾಲ ಬಂದು ಮಣ್ಣಿನ ಗೋಡೆಯನ್ನು ಕರಗಿಸಿಬಿಡುತ್ತದೆ. ಆದ್ದರಿಂದ ಸರಕಾರ ಮನೆ ಕಟ್ಟಿಕೊಡುವುದು ಬೇಡ, ಛಾವಣಿಗೆ ಸಾಲ ಕೊಟ್ಟರೆ ಸಾಕು ಎಂದು ಸೂಚಿಸಿದರು. ಹಳ್ಳಿಯವರು ಒಂದು ಸಂಘ ಮಾಡಿಕೊಳ್ಳಬೇಕು; ಗೋಡೆ ಎಬ್ಬಿಸಿದ ಸದಸ್ಯನಿಗೆ ಛಾವಣಿಯ ಸಾಲ; ಅವನು ಕಂತಿನಲ್ಲಿ ತೀರಿಸುವುದು, ಸಂಘ ಅದಕ್ಕೆ ಹೊಣೆಯಾಗುವುದು. ವಸತಿ ಶಾಸ್ತ್ರವನ್ನು ಓದುವವರು ಇಂದಿಗೂ ಉದಾಹರಿಸುವ ಛಾವಣಿ ಸಾಲದ ಯೋಜನೆ ಇದೇ.

ಇದನ್ನು ಮೊದಲ ಸಲ ಓದಿದಾಗ ನನ್ನ ಬಾಲ್ಯದ ಊರು ಕಣ್ಣ ಮುಂದೆ ಬಂದಿತು. ನಮ್ಮ ಕಡೆಯವು ಮಾಳಿಗೆ ಮನೆಗಳು. ಗೋಡೆಯ ಕೆಲಸಕ್ಕೆ ಇಡೀ ಓಣಿಯೇ ಬರುತ್ತಿತ್ತು. ಮಣ್ಣು ತುಳಿಯುವುದು ಹುಡುಗರಿಗೆ ಹಬ್ಬ. ಆದರೆ ಕಂಬ, ತೊಲೆ, ಜಂತಿಗಳ ಮಾತು ಬಂದಾಗ ಮನೆಯ ಯಜಮಾನನ ಮುಖ ಬಾಡುತ್ತಿತ್ತು. ನಮ್ಮ ಮನೆಯ ಹಿಂದೆ ಒಂದು ಕುಟುಂಬದ ಗೋಡೆಗಳು ಮೂರು ಮಳೆಗಾಲ ಮಾಳಿಗೆಯಿಲ್ಲದೆ ನಿಂತಿದ್ದವು. ಆ ಮನೆಯ ತಾಯಿ ಪ್ರತಿ ವರ್ಷ ಗೋಡೆಯ ತಲೆಗೆ ಜೋಳದ ಕಣಿಕೆ ಹೊದಿಸಿ ಮೇಲೆ ಕಲ್ಲು ಹೇರುತ್ತಿದ್ದಳು. ನಾಲ್ಕನೆಯ ವರ್ಷ ಅವರು ಊರು ಬಿಟ್ಟು ದುಡಿಯಲು ಹೋದರು. ಆ ತಾಯಿಗೆ ಬೇಕಾಗಿದ್ದುದು ಮನೆಯಲ್ಲ, ಹತ್ತು ತೊಲೆ. ಬೇಡುವವನಿಗೆ ಏನು ಕಡಮೆಯಾಗಿದೆ ಎಂದು ಸರಿಯಾಗಿ ಅರಿತು ಅಷ್ಟನ್ನೇ ಕೊಡುವುದು ದೊಡ್ಡ ವಿದ್ಯೆ. ದಾಸೋಹದ ಹೆಸರಿನಲ್ಲಿ ನಾವು ಕೊಡುವ ಎಷ್ಟೋ ದಾನಗಳಲ್ಲಿ ಈ ಅರಿವು ಇರುವುದಿಲ್ಲವೆಂದು ನಾನು ಅಂಜುತ್ತ ಹೇಳುತ್ತೇನೆ.

ಲಂಡನ್ನಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1953ರಲ್ಲಿ ಅಲ್ಲಿ ಉಷ್ಣದೇಶಗಳ ವಾಸ್ತುಶಿಲ್ಪವನ್ನು ಕುರಿತು ಒಂದು ಸಮ್ಮೇಳನ ನಡೆಯಿತು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ನೈಜೀರಿಯದ ವಿದ್ಯಾರ್ಥಿಯೊಬ್ಬನು, ಇಲ್ಲಿ ಕಲಿತ ವಿದ್ಯೆ ತನ್ನ ನಾಡಿನ ಹವೆಗೆ ಉಪಯೋಗಕ್ಕೆ ಬರುವುದಿಲ್ಲ ಎಂದು ದೂರಿದನು. ಮರುವರ್ಷವೇ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಶನ್ ಎಂಬ ವಿದ್ಯಾಸಂಸ್ಥೆ ಅದಕ್ಕಾಗಿಯೇ ಒಂದು ವಿಭಾಗವನ್ನು ತೆರೆಯಿತು. ಮೊದಲು ಮ್ಯಾಕ್ಸ್‌ವೆಲ್ ಫ್ರೈ ಅವರು, 1957ರಿಂದ ಕೋನಿಗ್ಸ್‌ಬರ್ಗರ್ ಅವರು ಅದರ ಮುಖ್ಯಸ್ಥರು. ಆಫ್ರಿಕ, ಏಷ್ಯ, ದಕ್ಷಿಣ ಅಮೆರಿಕಗಳ ತರುಣರು ಅಲ್ಲಿಗೆ ಬಂದರು; ಮುಂದೆ ಬಾಂಗ್ಲಾದೇಶದ ವಾಸ್ತುಶಿಲ್ಪಕ್ಕೆ ಹಿರಿಯರೆನಿಸಿದ ಮುಜಹರುಲ್ ಇಸ್ಲಾಂ ಅವರೂ ಅಲ್ಲಿ ಕಲಿತವರೇ. 1971ರಲ್ಲಿ ಆ ವಿಭಾಗ ಲಂಡನ್ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ಹವೆ ಮತ್ತು ಮನೆಯ ಸಂಬಂಧವನ್ನು ತಿಳಿಸುವ ಅವರ 'ಮ್ಯಾನ್ಯುಯಲ್ ಆಫ್ ಟ್ರಾಪಿಕಲ್ ಹೌಸಿಂಗ್ ಅಂಡ್ ಬಿಲ್ಡಿಂಗ್' ಎಂಬ ಗ್ರಂಥ, ಮೂವರು ಸಹಲೇಖಕರೊಡನೆ ಬರೆದದ್ದು, 1974ರಲ್ಲಿ ಬಂದಿತು. ನಮ್ಮ ಕಾಲೇಜುಗಳ ವಾಸ್ತುಶಿಲ್ಪದ ಮಕ್ಕಳ ಕೈಯಲ್ಲಿ ಅದು ಇಂದಿಗೂ ಇದೆ. ಅವರ ಸಹೋದ್ಯೋಗಿ ಕಾರ್ಲ್ ಮಹೋನಿ ಅವರ ಹೆಸರಿನ ಕೋಷ್ಟಕಗಳು ಈ ಪಂಥದ ಇನ್ನೊಂದು ಕೊಡುಗೆ. ಹನ್ನೆರಡು ತಿಂಗಳ ಉಷ್ಣತೆ, ಆರ್ದ್ರತೆ, ಮಳೆ, ಗಾಳಿಗಳನ್ನು ತುಂಬಿದರೆ, ಮನೆಯ ಮುಖ ಎತ್ತ, ಕಿಟಕಿ ಎಷ್ಟು ದೊಡ್ಡದು, ಗೋಡೆ ಎಂಥದು ಎಂಬುದು ಹೊರಡುತ್ತದೆ. ಒಂದು ಬಗೆಯ ಪಂಚಾಂಗವೇ ಸರಿ. ಆದರೆ ಇದರಲ್ಲಿ ಗ್ರಹಗಳ ಕಾಟವಿಲ್ಲ, ಶಾಂತಿಯ ಖರ್ಚೂ ಇಲ್ಲ! ಆಯದ ಪುಸ್ತಕವನ್ನು ಹಿಡಿದು ಕಟ್ಟಿದ ಅಡುಗೆಮನೆಯನ್ನು ಮತ್ತೆ ಒಡೆಸುವ ನಮ್ಮ ಭಕ್ತರು ಇದನ್ನು ಒಮ್ಮೆ ನೋಡಬೇಕು.

ಪಾಠ ಹೇಳುತ್ತಲೇ ಅವರು ಊರೂರು ಸುತ್ತಿದರು: ಪಾಕಿಸ್ತಾನ, ನೈಜೀರಿಯದ ಲಾಗೋಸ್. 1963ರಲ್ಲಿ ಏಬ್ರಮ್ಸ್ ಹಾಗೂ ಜಪಾನಿನ ಸುಸುಮು ಕೋಬೆ ಅವರೊಡನೆ ಸಿಂಗಪುರಕ್ಕೆ. ನಡುವಿನ ಜಲಾಶಯಗಳ ನೆಲವನ್ನು ಕಾಪಾಡಿ ಅದರ ಸುತ್ತ ಬಳೆಯಂತೆ ಊರುಗಳನ್ನು ಪೋಣಿಸಿರಿ, ಹಳೆಯ ಅಂಗಡಿಮನೆಗಳನ್ನೆಲ್ಲ ಕೆಡವಬೇಡಿರಿ ಎಂದು ಆ ಮೂವರು ಹೇಳಿದರು. ಮೊದಲ ಮಾತನ್ನು ಸಿಂಗಪುರ ಬಹುಮಟ್ಟಿಗೆ ಕೇಳಿತು. ಎರಡನೆಯದನ್ನು ಕೇಳುವ ಹೊತ್ತಿಗೆ ಬಹಳಷ್ಟನ್ನು ಕೆಡವಿಯಾಗಿತ್ತು. 1964ರಲ್ಲಿ ಅವರು ಒಂದು ಲೇಖನ ಬರೆದು, ಬೆಳೆಯುವ ಊರಿಗೆ ಇಪ್ಪತ್ತು ವರ್ಷದ ನಕ್ಷೆ ಬರೆದು ಗೋಡೆಗೆ ತೂಗುಹಾಕುವುದು ವ್ಯರ್ಥ, ಮಾಡುತ್ತ ನೋಡಿ, ನೋಡುತ್ತ ತಿದ್ದಬೇಕು ಎಂಬ ವಿಚಾರವನ್ನು ಮಂಡಿಸಿದರು. ಭುವನೇಶ್ವರದ ನಕ್ಷೆ ಬರೆದ ಕೈಯೇ ಇದನ್ನೂ ಬರೆಯಿತು ಎಂಬುದನ್ನು ಮರೆಯಬಾರದು.

ಇನ್ನು ಬೇರಿನ ಪ್ರಶ್ನೆ. ನಮ್ಮ ಶರಣರಲ್ಲಿ ಎಷ್ಟು ಜನ ಹುಟ್ಟಿದ ನೆಲದಲ್ಲಿ ಉಳಿದರು? ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಸೌದೆಯ ಹೊರೆ ಹೊತ್ತರೆಂದು ಸಂಪ್ರದಾಯ ಹೇಳುತ್ತದೆ. ಆದಯ್ಯನವರು ಸೌರಾಷ್ಟ್ರದಿಂದ ಪುಲಿಗೆರೆಗೆ ವ್ಯಾಪಾರಕ್ಕೆಂದು ಬಂದವರು. ಪರದೇಶದಿಂದ ಬಂದವರೆಂದು ಅನುಭವ ಮಂಟಪದಲ್ಲಿ ಅವರಿಗೆ ಯಾರೂ ಬೇರೆ ಪಂಕ್ತಿ ಹಾಕಲಿಲ್ಲ. ಕಟ್ಟುವವರ ಮಾತು ಬಂದರೆ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯಬೇಕು. ಕೆರೆ ತೋಡಿಸಿ ಗುಡಿ ಕಟ್ಟಿಸಿದ ಆ ಮಹಾನುಭಾವರನ್ನು ಅಲ್ಲಮಪ್ರಭುಗಳು ಒಡ್ಡರ ರಾಮನೆಂದು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಪ್ರಭುಗಳು ಕೆರೆಯನ್ನು ಹಳಿಯಲಿಲ್ಲ. ಕಲ್ಲಿನಲ್ಲಿ ಸಿಕ್ಕಿಕೊಂಡ ಮನಸ್ಸನ್ನು ಹಳಿದರು ಎಂದು ನನ್ನ ಗುರುಗಳು ಪಾಠ ಹೇಳುವಾಗ ವಿವರಿಸುತ್ತಿದ್ದರು. ಸಿದ್ಧರಾಮರು ಕಲ್ಯಾಣಕ್ಕೆ ನಡೆದರು. ಅವರು ತೋಡಿಸಿದ ಕೆರೆಯ ನೀರನ್ನು ಸೊನ್ನಲಿಗೆಯ ಜನ ಕುಡಿದರು. ಬೇರು ಎಂಬುದು ಕಾಲ ಕೆಳಗೆ ಮಾತ್ರ ಇರಬೇಕೆಂದು ನಾವು ಯಾಕೆ ಭಾವಿಸಬೇಕು?

ಇಷ್ಟು ಹೇಳಿದ ಮಾತ್ರಕ್ಕೆ ಹಿರಿಯರ ದುಃಖ ಪೊಳ್ಳು ಎಂದು ನಾನು ಹೇಳುತ್ತಿಲ್ಲ. ಹಬ್ಬದ ದಿನ ಎಲೆಯ ಮುಂದೆ ಮಗನಿಲ್ಲದ ಮನೆಯ ಮೌನವನ್ನು ಯಾವ ಇತಿಹಾಸವೂ ತುಂಬಲಾರದು. ಅವರ ಆಕ್ಷೇಪದಲ್ಲಿ ಒಪ್ಪಬೇಕಾದ ಇನ್ನೊಂದು ಅಂಶವೂ ಇದೆ. ದೇಶದಿಂದ ದೇಶಕ್ಕೆ ಹೋಗುವ ತರುಣ, ಹೋದಲ್ಲೆಲ್ಲ ಒಂದೇ ಗಾಜಿನ ಪೆಟ್ಟಿಗೆಯನ್ನು ನಿಲ್ಲಿಸುತ್ತ ಹೋದರೆ ಅವನು ಎಲ್ಲಿಗೂ ಹೋದಂತಾಗಲಿಲ್ಲ. ಆ ಗಾಜಿನ ಪೆಟ್ಟಿಗೆ ಈಗ ನಮ್ಮ ಊರುಗಳಿಗೂ ಬಂದಿದೆ. ನಾನು ಬಲ್ಲ ಒಂದು ಮಠದಲ್ಲಿ ಭಕ್ತರ ಕಾಣಿಕೆಯಿಂದ ಹೊಸ ಪ್ರಸಾದನಿಲಯ ಎದ್ದಿದೆ. ಪಡುವಣ ದಿಕ್ಕಿಗೆ ಪೂರ್ತಿ ಗಾಜು. ನೋಡಲು ಬಹಳ ಚೆಂದ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಕ್ಕಳು ಅದರಲ್ಲಿ ಓದಲಾರದೆ, ಹಳೆಯ ಮಣ್ಣಿನ ಗೋಡೆಯ ಉಗ್ರಾಣದಲ್ಲಿ ಪುಸ್ತಕ ಹಿಡಿದು ಕುಳಿತಿದ್ದುದನ್ನು ನಾನೇ ಕಂಡೆ. ಸಮಿತಿಯ ಸಭೆಯಲ್ಲಿ ಅದನ್ನು ಹೇಳಿದೆ. ಹವಾನಿಯಂತ್ರಕ ಹಾಕಿಸೋಣ ಎಂದರು. ಕರೆಂಟಿನ ಬಿಲ್ಲನ್ನು ಯಾರು ಕಟ್ಟುವರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಕೋನಿಗ್ಸ್‌ಬರ್ಗರ್ ಅವರು 1999ರ ಜನವರಿ 3ರಂದು ಲಂಡನ್ನಿನಲ್ಲಿ ತೀರಿಕೊಂಡರು. ತೊಂಬತ್ತು ವರ್ಷಗಳ ತುಂಬು ಬಾಳು. ಹತ್ತು ವರ್ಷಗಳ ಹಿಂದೆ, 1989ರಲ್ಲಿ, ವಿಶ್ವಸಂಸ್ಥೆಯ ವಸತಿ ವಿಭಾಗ ಅವರನ್ನು ಗೌರವಿಸಿತ್ತು.

ಪತ್ರ ಬರೆದ ಹಿರಿಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರಿನ ಮನೆ ಮಾಳಿಗೆಯ ಮನೆ, ನಿಮ್ಮ ಅಜ್ಜನವರು ಕಟ್ಟಿಸಿದ್ದು, ಬೇಸಗೆಯಲ್ಲಿಯೂ ತಂಪು ಎಂದು ಬರೆದಿದ್ದೀರಿ. ಅದನ್ನು ಕೆಡವಿ ಸ್ಲ್ಯಾಬ್ ಹಾಕಿಸುವ ಆಲೋಚನೆ ಇದೆಯೆಂದೂ ಬರೆದಿದ್ದೀರಿ. ಮಗ ಯುಗಾದಿಗೆ ಬರುತ್ತಾನಲ್ಲವೇ? ಅಲ್ಲಿಯವರೆಗೆ ತಡೆಯಿರಿ. ಅವನ ಕೈಗೆ ಟೇಪು ಕೊಟ್ಟು ಆ ಮನೆಯ ಅಳತೆ ತೆಗೆಯಲು ಹೇಳಿರಿ: ಗೋಡೆಯ ದಪ್ಪ, ಮಾಳಿಗೆಯ ಮಣ್ಣಿನ ಆಳ, ಬೆಳಕಿಂಡಿಯ ಅಗಲ, ತಲೆಬಾಗಿಲಿನ ಎತ್ತರ. ನಡುಹಗಲಿನಲ್ಲಿ ಹೊರಗೆ ಎಷ್ಟು ಬಿಸಿ, ಒಳಗೆ ಎಷ್ಟು ಎಂಬುದನ್ನೂ ಬರೆದುಕೊಳ್ಳಲಿ. ಎರಡು ದಿನದ ಕೆಲಸ. ಅವನು ಬರೆದ ನಕ್ಷೆಯ ಒಂದು ಪ್ರತಿಯನ್ನು ನನಗೂ ಕಳಿಸಿಕೊಡಿ. ನಮ್ಮ ಸಮಿತಿಯ ಮುಂದಿನ ಸಭೆಗೆ ಒಯ್ಯುತ್ತೇನೆ.